ಮರದ ಕೆಳಗಿನ ಕೆಲಸ: ಸವರುವ ತಂಡಕ್ಕೆ ಹೊಸದಾಗಿ ಸೇರುವ ಹೆಲ್ಪರ್‌ಗೆ ಸಮಗ್ರ ಮಾರ್ಗದರ್ಶಿ

ಮರ ಸವರುವ ತಂಡದಲ್ಲಿ ಹೆಸರು ಬರುವುದು ಮೇಲೆ ಹತ್ತುವವನಿಗೆ. ಅವನು ಸಂಜೆ ಗಾಯವಿಲ್ಲದೆ ಇಳಿದು ಬರುವುದು ಮಾತ್ರ ಬಹುಪಾಲು ಕೆಳಗಿರುವವನ ಕೈಯಲ್ಲಿದೆ. ಹಗ್ಗ ಹಿಡಿಯುವುದು, ಜನರನ್ನು ತಡೆಯುವುದು, ಇಳಿದ ಕೊಂಬೆಯನ್ನು ತುಂಡು ಮಾಡಿ ಗಾಡಿಗೆ ಹಾಕುವುದು, ಮೇಲಕ್ಕೆ ಗರಗಸ ಕಳಿಸುವುದು ಎಲ್ಲವೂ ಹೆಲ್ಪರ್ ಕೆಲಸ. ಹೊರಗಿನಿಂದ ನೋಡುವವರಿಗೆ ಇದು ಸೊಪ್ಪು ಎಳೆಯುವ ಕೂಲಿಯಂತೆ ಕಾಣುತ್ತದೆ. ಹಾಗೆಂದುಕೊಂಡು ಬರುವವರೇ ಮೊದಲು ಪೆಟ್ಟು ತಿನ್ನುತ್ತಾರೆ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಒಬ್ಬ ಮೇಸ್ತ್ರಿ, ಒಬ್ಬಿಬ್ಬರು ಹತ್ತುವವರು, ಒಂದು ಚೈನ್ ಸಾ, ಮೂರ್ನಾಲ್ಕು ಹಗ್ಗ, ಒಂದು ಟೆಂಪೋ ಇಟ್ಟುಕೊಂಡು ನಡೆಯುವ ತಂಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇವೆ.

ಸೇರುವ ಮೊದಲು

ವಯಸ್ಸು 18 ತುಂಬಿರಬೇಕು. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಬನ್ನಿ. ಈ ಕೆಲಸದಲ್ಲಿ ಗೀರು, ಸಿಬಿರು, ತುಕ್ಕು ಹಿಡಿದ ಮೊಳೆ ದಿನಾ ಇದ್ದದ್ದೇ. ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಾದರೆ, ಸಂಬಳ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಚಿಕ್ಕ ತಂಡವಾದರೆ ನಿಮ್ಮ ಬ್ಯಾಂಕಿನಲ್ಲೇ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿಕೊಳ್ಳಿ: ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಪೂರ್ತಿ ಅಂಗವೈಕಲ್ಯವಾದರೆ 2 ಲಕ್ಷ.

ಮೇಸ್ತ್ರಿಯನ್ನು ಇನ್ನೊಂದು ಮಾತು ಕೇಳಬೇಕು: "ಮೇಲಿರೋರಿಗೆ ಏನಾದ್ರೂ ಆದ್ರೆ ಹತ್ತಿ ಇಳಿಸೋಕೆ ಇನ್ನೊಬ್ಬರು ಇದ್ದಾರಾ ಅಣ್ಣ?" ಇದಕ್ಕೆ ನೇರ ಉತ್ತರ ಬಾರದ ತಂಡಕ್ಕೆ ಸೇರಬೇಡಿ.

ಕಾನೂನಿನ ವಿಷಯವೂ ತಿಳಿದಿರಲಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಸ್ವಂತ ಕಾಂಪೌಂಡಿನೊಳಗಿನ ಮರವಾದರೂ ಅಷ್ಟೇ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಅನುಮತಿ ಪತ್ರದ ಪ್ರತಿ ಕೆಲಸದ ಜಾಗದಲ್ಲೇ ಇರಬೇಕು. ಅಕ್ಕಪಕ್ಕದವರು ಬಂದು ಪ್ರಶ್ನಿಸುವುದು ಮೊದಲು ಕೆಳಗಿರುವ ನಿಮ್ಮನ್ನೇ.

ಮೈಮೇಲೆ ಏನಿರಬೇಕು

ಐಎಸ್ 2925 ಗುರುತಿರುವ ಹೆಲ್ಮೆಟ್, ಗಲ್ಲದ ಪಟ್ಟಿ ಸಮೇತ. ತಲೆ ಎತ್ತಿ ಮೇಲೆ ನೋಡುವುದೇ ನಿಮ್ಮ ಕೆಲಸವಾದ್ದರಿಂದ ಪಟ್ಟಿ ಇಲ್ಲದ ಹೆಲ್ಮೆಟ್ ಹಿಂದಕ್ಕೆ ಜಾರಿ ಬೀಳುತ್ತದೆ. ಉಕ್ಕಿನ ತುದಿಯ ಬೂಟು, ಕಣ್ಣಿಗೆ ಕನ್ನಡಕ, ಚರ್ಮದ ಕೈಗವಸು. ನೂಲಿನ ಕೈಗವಸು ಹಗ್ಗದ ಕೆಲಸಕ್ಕೆ ಬೇಡ, ಓಡುವ ಹಗ್ಗದ ಬಿಸಿ ಅದನ್ನು ದಾಟಿ ಅಂಗೈ ಸುಡುತ್ತದೆ. ಚೈನ್ ಸಾ ಸದ್ದು 100 ಡೆಸಿಬೆಲ್ ಮೀರುತ್ತದೆ, ಹಾಗಾಗಿ ಕಿವಿಗೆ ಮಫ್ ಹಾಕಿ. ಚೈನ್ ಸಾ ಮುಟ್ಟುವ ದಿನ ಬಂದರೆ ಸರಪಳಿ ತಡೆಯುವ ಪದರವಿರುವ ಪ್ಯಾಂಟು ಇಲ್ಲದೆ ಮುಟ್ಟಬೇಡಿ. ಲುಂಗಿ, ಸಡಿಲ ಶರ್ಟು, ಕೊರಳಿನ ದಾರ, ಕೈಯ ಕಡಗ ಮನೆಯಲ್ಲೇ ಇರಲಿ.

ಮೊದಲ ಅರ್ಧ ಗಂಟೆ: ಮರವನ್ನು ಓದುವುದು

ಗಾಡಿಯಿಂದ ಸಾಮಾನು ಇಳಿಸುವ ಮೊದಲು ಮರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಬುಡದಿಂದ ಶುರು ಮಾಡಿ: ಮಣ್ಣು ಬಿರುಕು ಬಿಟ್ಟಿದೆಯೇ, ಬೇರನ್ನು ಚರಂಡಿಗಾಗಿ ಕಡಿದಿದ್ದಾರೆಯೇ, ಬುಡದಲ್ಲಿ ಅಣಬೆ ಎದ್ದಿದೆಯೇ, ಕೊಡಲಿಯ ಹಿಂಬದಿಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ. ಆಮೇಲೆ ಕಣ್ಣನ್ನು ಮೇಲಕ್ಕೆ ಒಯ್ಯಿರಿ. ಎಲೆ ಇಲ್ಲದ ಒಣಕೊಂಬೆ, ಹಿಂದಿನ ಮಳೆಯಲ್ಲಿ ಮುರಿದು ಇನ್ನೊಂದು ಕವಲಿನಲ್ಲಿ ಸಿಕ್ಕಿಕೊಂಡ ಕೊಂಬೆ, ಸೀಳಿದ ಕವಲು, ಹಕ್ಕಿಗೂಡು, ಜೇನು. ಸಿಕ್ಕಿಕೊಂಡ ಕೊಂಬೆ ಹೆಚ್ಚು ಅಪಾಯದ್ದು. ಯಾರೂ ಮುಟ್ಟದಿದ್ದರೂ ಹತ್ತುವವನ ಮೈಭಾರಕ್ಕೆ ಮರ ಅಲುಗಿದಾಗ ಅದು ಉದುರುತ್ತದೆ.

ಜಾತಿ ಗೊತ್ತಿದ್ದರೆ ಅರ್ಧ ಕೆಲಸ ಸಲೀಸು. ಗುಲ್‌ಮೊಹರ್ ಕೊಂಬೆ ಮುನ್ಸೂಚನೆ ಕೊಡದೆ ಪಟ್ಟನೆ ಮುರಿಯುತ್ತದೆ, ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಬೆಂಗಳೂರಿನ ರಸ್ತೆಗಳಲ್ಲಿ ಬೀಳುವ ಮರಗಳಲ್ಲಿ ಅದು ಸದಾ ಇರುತ್ತದೆ. ಮಳೆಮರದ ಕೊಂಬೆಗಳು ಅಡ್ಡಡ್ಡ ಬಹಳ ದೂರ ಚಾಚಿರುತ್ತವೆ, ತುದಿಯಲ್ಲಿ ಭಾರ. ಕಡಿದಾಗ ನೇರ ಕೆಳಗೆ ಬೀಳದೆ ಕೀಲಿನ ಮೇಲೆ ತಿರುಗಿದಂತೆ ಬುಡದ ಕಡೆಗೆ ಬೀಸುತ್ತವೆ, ನೀವು ನಿಂತಿರುವುದೂ ಅಲ್ಲೇ. ಮಾವಿನ ಸೊನೆ ಚರ್ಮ ಸುಡುತ್ತದೆ. ಮಲೆನಾಡಿನ ಕಡೆ ಕೆಲಸವಿದ್ದರೆ ಹೊಳಗೇರು ಮರವನ್ನು ಗುರುತಿಸಲು ಕಲಿಯಿರಿ, ಅದರ ಸೊನೆ ಗಾಳಿಗೆ ಕಪ್ಪಾಗುತ್ತದೆ, ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ.

ಹೆಜ್ಜೇನು ಕಂಡರೆ ಆ ದಿನ ಕೆಲಸವಿಲ್ಲ. "ಈ ಕಡೆ ಕೊಂಬೆ ಮಾತ್ರ ತೆಗೆದು ಬಿಡೋಣ" ಎಂಬ ಮಾತಿಗೆ ಒಪ್ಪಬೇಡಿ. ಗರಗಸದ ಸದ್ದು, ಕೊಂಬೆಯ ನಡುಕ ಎರಡೂ ಅವನ್ನು ಕೆರಳಿಸುತ್ತವೆ, ಮೇಲಿರುವವನಿಗೆ ಓಡಲು ದಾರಿಯಿಲ್ಲ. ಮೇಲೆ ಯಾರೂ ಇಲ್ಲದಾಗ ಅವು ಎದ್ದರೆ ಮುಖ ಮುಚ್ಚಿಕೊಂಡು ನೇರ ಓಡಿ ಗಾಡಿಯೊಳಗೆ ಕೂತು ಗಾಜು ಏರಿಸಿ.

ಕರೆಂಟು

ನಗರದಲ್ಲಿ ಮರ ಮತ್ತು ತಂತಿ ಒಟ್ಟಿಗೇ ಬೆಳೆದಿರುತ್ತವೆ. ಮರದಿಂದ 3 ಮೀಟರ್ ಒಳಗೆ ಯಾವುದೇ ವಿದ್ಯುತ್ ತಂತಿ ಇದ್ದರೆ ವಿದ್ಯುತ್ ಕಂಪನಿಯಾದ ಎಸ್ಕಾಂನವರು, ಬೆಂಗಳೂರಿನಲ್ಲಾದರೆ ಬೆಸ್ಕಾಂನವರು, ಲೈನ್ ಆಫ್ ಮಾಡದೆ ಹತ್ತುವಂತಿಲ್ಲ. ಲೈನ್‌ಮನ್‌ಗಳು ಇದಕ್ಕೆ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಅನ್ನುತ್ತಾರೆ. "ಎಲ್‌ಸಿ ಸಿಕ್ಕಿದೆ" ಅಂತ ಫೋನಿನಲ್ಲಿ ಕೇಳಿಸಿಕೊಂಡರೆ ಸಾಲದು. ಲೈನ್‌ಮನ್ ಸ್ಥಳದಲ್ಲಿದ್ದು, ತಂತಿಯನ್ನು ಪರೀಕ್ಷಿಸಿ, ಅರ್ತ್ ಮಾಡಿದ ಮೇಲೆಯೇ ಕೆಲಸ. ಕಾರಣ ಇದು: ಬೀದಿಯ ಕರೆಂಟು ಹೋದ ಕೂಡಲೇ ಯಾವುದೋ ಮನೆಯವರು ತಪ್ಪಾಗಿ ಜೋಡಿಸಿದ ಜನರೇಟರ್ ಹಾಕಿದರೆ ಅದು ತಿರುಗಿ ತಂತಿಗೆ ಹರಿಯಬಹುದು. ಅರ್ತ್ ಮಾಡಿದ ತಂತಿಯಲ್ಲಿ ಆ ಭಯ ಕಡಿಮೆ.

ಹಸಿ ಕೊಂಬೆಯಲ್ಲಿ ಕರೆಂಟು ಹರಿಯುತ್ತದೆ. ಒದ್ದೆ ಹಗ್ಗದಲ್ಲೂ, ಅಲ್ಯೂಮಿನಿಯಂ ಏಣಿಯಲ್ಲೂ, ಉದ್ದ ಕೋಲಿನ ಗರಗಸದಲ್ಲೂ ಹರಿಯುತ್ತದೆ. ಕೊಂಬೆ ತಂತಿಯ ಮೇಲೆ ಬಿದ್ದರೆ ಎಳೆಯಲು ಹೋಗಬೇಡಿ, ಹಗ್ಗ ಕೈಯಲ್ಲಿದ್ದರೆ ಬಿಟ್ಟುಬಿಡಿ. ತಂತಿ ತುಂಡಾಗಿ ನೆಲಕ್ಕೆ ತಾಗಿದ್ದರೆ ಸುತ್ತಲ ನೆಲದಲ್ಲೂ ಕರೆಂಟು ಇರುತ್ತದೆ. ಉದ್ದ ಹೆಜ್ಜೆ ಹಾಕಿದರೆ ಒಂದು ಕಾಲಿನಿಂದ ಇನ್ನೊಂದಕ್ಕೆ ಮೈಯೊಳಗೇ ಹರಿಯುತ್ತದೆ. ಪಾದಗಳನ್ನು ಜೋಡಿಸಿ, ನೆಲದಿಂದ ಎತ್ತದೆ, ಇಂಚಿಂಚಾಗಿ ಉಜ್ಜುತ್ತಾ ದೂರ ಸರಿಯಿರಿ. ಬೆಸ್ಕಾಂ ಸಹಾಯವಾಣಿ 1912.

ಜಾಗ ಕಾಯುವುದು, ಮಾತು ಆಡುವುದು

ಕೊಂಬೆ ಸವರುವಾಗ ಮರದ ನೆರಳಿನ ಅಂಚಿನಿಂದ ಇನ್ನೂ 3–4 ಮೀಟರ್ ಹೊರಗೆ ಪಟ್ಟಿ ಕಟ್ಟಿ. ಇಡೀ ಮರ ಉರುಳಿಸುವುದಾದರೆ ಮರದ ಎತ್ತರದ ಎರಡರಷ್ಟು ದೂರದೊಳಗೆ ಕಡಿಯುವವನನ್ನು ಬಿಟ್ಟು ಯಾರೂ ಇರಬಾರದು. ಕೆಂಪು–ಬಿಳಿ ಪಟ್ಟಿ ಕಟ್ಟಿದ ಮಾತ್ರಕ್ಕೆ ನಮ್ಮ ಜನ ನಿಲ್ಲುವುದಿಲ್ಲ. ಬಗ್ಗಿ ದಾಟುತ್ತಾರೆ, ಸ್ಕೂಟರನ್ನು ಫುಟ್‌ಪಾತಿನ ಮೇಲೆ ಹತ್ತಿಸಿ ಬರುತ್ತಾರೆ. ರಸ್ತೆ ಬದಿಯ ಮರಕ್ಕೆ ರಸ್ತೆ ನೋಡುವುದಕ್ಕೆಂದೇ ಒಬ್ಬ ಬೇಕು. ಹಗ್ಗ ಹಿಡಿದವನಿಗೇ ಆ ಕೆಲಸವನ್ನೂ ಹೊರಿಸಿದರೆ ಎರಡೂ ಕೆಡುತ್ತವೆ.

ಮಾತಿನ ಕ್ರಮ ತಂಡಕ್ಕೆಲ್ಲ ಒಂದೇ ಇರಲಿ. ಮೇಲಿನವನು "ಕೆಳಗೆ ನೋಡ್ಕೋ" ಅಂದರೆ ನೀವು ಸುತ್ತ ನೋಡಿ, ರಸ್ತೆಯವನ ಕೈಸನ್ನೆ ನೋಡಿ, ಆಮೇಲೆ "ಖಾಲಿ" ಅನ್ನಬೇಕು. ನೀವು "ಖಾಲಿ" ಅನ್ನುವ ತನಕ ಅವನು ಗರಗಸ ಇಡುವಂತಿಲ್ಲ. "ನಿಲ್ಸು" ಎಂದು ಯಾರು ಕೂಗಿದರೂ, ನಿನ್ನೆ ಸೇರಿದವನೇ ಕೂಗಿದರೂ, ಕೆಲಸ ನಿಲ್ಲಬೇಕು. ಮಷಿನ್ ಓಡುವಾಗ ಕೂಗು ಕೇಳುವುದಿಲ್ಲ, ಸೀಟಿ ಇಟ್ಟುಕೊಳ್ಳಿ: ಒಂದು ಊದು ನಿಲ್ಲಿಸುವುದಕ್ಕೆ. ಹೊಸಬರು ಮಾಡುವ ತಪ್ಪು "ಸರಿ" ಅನ್ನುವುದು. "ಸರಿ" ಅಂದರೆ ಕೇಳಿಸಿತು ಅಂತಲೋ, ಜಾಗ ಖಾಲಿಯಿದೆ ಅಂತಲೋ ಮೇಲಿನವನಿಗೆ ತಿಳಿಯುವುದಿಲ್ಲ.

ಮೇಲೆ ಕೆಲಸ ನಡೆದಿರುವಾಗ ಅವನ ಕೆಳಗೆ ಸೊಪ್ಪು ಎಳೆಯಲು ಹೋಗಬೇಡಿ. ಅವನು ಗರಗಸ ನಿಲ್ಲಿಸಿ "ಬಾ" ಅಂದಾಗ ಮಾತ್ರ ಒಳಗೆ ಹೋಗಿ, ಎಳೆದುಕೊಂಡು ಬೇಗ ಹೊರಗೆ ಬನ್ನಿ.

ಹಗ್ಗ

ಹೆಲ್ಪರ್‌ನ ನಿಜವಾದ ಕಸುಬು ಇಲ್ಲಿದೆ.

ತಂಡದಲ್ಲಿ ಎರಡು ಬಗೆಯ ಹಗ್ಗ ಇರುತ್ತವೆ: ಹತ್ತುವವನ ಜೀವದ ಹಗ್ಗ, ಭಾರ ಇಳಿಸುವ ಹಗ್ಗ. ಎರಡೂ ಬೇರೆ ಬಣ್ಣ, ಬೇರೆ ಚೀಲ. ಕೊಂಬೆ ಇಳಿಸಿದ ಹಗ್ಗದಲ್ಲಿ ಯಾರೂ ಎಂದೂ ಹತ್ತಬಾರದು, ಒಳಗಿನ ಎಳೆ ಹರಿದಿದ್ದರೂ ಹೊರಗೆ ಕಾಣುವುದಿಲ್ಲ. ಇಳಿಸಲು 12ರಿಂದ 16 ಮಿಲಿಮೀಟರ್ ದಪ್ಪದ ನೈಲಾನ್ ಅಥವಾ ಪಾಲಿಯೆಸ್ಟರ್ ಹಗ್ಗ ಒಳ್ಳೆಯದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹೊಳಪಿನ ಪಾಲಿಪ್ರೊಪಿಲೀನ್ ಹಗ್ಗ ಉಜ್ಜಾಟದ ಬಿಸಿಗೆ ಕರಗುತ್ತದೆ, ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಸೊಪ್ಪಿನ ಕಟ್ಟು ಬಿಗಿಯಲು ಅದು ಸಾಕು, ಭಾರ ಇಳಿಸಲು ಬೇಡ. ಲೇಬಲ್ಲಿನ ಮೇಲೆ ತುಂಡಾಗುವ ಭಾರ 3000 ಕಿಲೋ ಅಂತ ಬರೆದಿದ್ದರೆ ನೀವು ಹಾಕಬೇಕಾದ್ದು ಅದರ ಹತ್ತರಲ್ಲೊಂದು ಪಾಲು, 300 ಕಿಲೋ. ಗಂಟು ಹಾಕಿದ ಕಡೆ ಹಗ್ಗ ತನ್ನ ಬಲದ ಮೂರನೇ ಒಂದು ಪಾಲನ್ನೋ ಇನ್ನೂ ಹೆಚ್ಚನ್ನೋ ಕಳೆದುಕೊಳ್ಳುತ್ತದೆ, ಮಿಕ್ಕದ್ದನ್ನು ಜಗ್ಗಾಟ ತಿನ್ನುತ್ತದೆ.

ಭಾರದ ಅಂದಾಜು ಕಣ್ಣಿಗೆ ಬರಬೇಕು. ಹಸಿ ಮರ ಘನ ಮೀಟರಿಗೆ ಹತ್ತಿರ ಹತ್ತಿರ ಒಂದು ಟನ್ ಅಂತ ಇಟ್ಟುಕೊಳ್ಳಿ. ಒಂದು ಮೀಟರ್ ಉದ್ದದ ದಿಮ್ಮಿ, ಅಡ್ಡಳತೆ 30 ಸೆಂಟಿಮೀಟರ್ ಇದ್ದರೆ ಸುಮಾರು 70 ಕಿಲೋ. 40 ಇದ್ದರೆ 125. 50 ಇದ್ದರೆ 200ರ ಹತ್ತಿರ. ಅಡ್ಡಳತೆ ಸ್ವಲ್ಪ ಹೆಚ್ಚಿದರೂ ಭಾರ ಬಹಳ ಏರುತ್ತದೆ. ಹೊಸಬರು ಉದ್ದ ನೋಡಿ ಹೆದರುತ್ತಾರೆ, ದಪ್ಪ ನೋಡಿ ಹೆದರಬೇಕು.

ಇಳಿಸುವ ಕ್ರಮ ಹೀಗೆ. ಮೇಲಿನವನು ಗಟ್ಟಿ ಕವಲಿಗೆ ರಾಟೆ ಕಟ್ಟಿ ಹಗ್ಗ ಹಾಯಿಸಿ, ತುದಿಯನ್ನು ಕಡಿಯುವ ಕೊಂಬೆಗೆ ಬಿಗಿಯುತ್ತಾನೆ. ಇನ್ನೊಂದು ತುದಿ ಕೆಳಗೆ ನಿಮ್ಮ ಕಡೆ. ಅದನ್ನು ಬರಿಗೈಯಲ್ಲಿ ಹಿಡಿಯುವುದಲ್ಲ, ಬುಡಕ್ಕೆ ಸುತ್ತಬೇಕು. ಒರಟು ತೊಗಟೆಯ ಮೇಲೆ ಒಂದು ಪೂರ್ತಿ ಸುತ್ತು ಹಾಕಿದರೆ ನಿಮ್ಮ ಕೈಗೆ ಬರುವ ಎಳೆತ ಸುಮಾರು ಆರರಲ್ಲೊಂದು ಪಾಲು. ಎರಡು ಸುತ್ತಿಗೆ 70 ಕಿಲೋ ದಿಮ್ಮಿಯನ್ನು ಒಂದು ಕೈಯಲ್ಲಿ ತಡೆಯಬಹುದು. ಮೂರು ಸುತ್ತು ಹಾಕಿದರೆ ಚಿಕ್ಕ ಕೊಂಬೆ ಇಳಿಯುವುದೇ ಇಲ್ಲ, ಮೇಲೆಯೇ ನೇತಾಡಿ ಹತ್ತುವವನ ಮುಖಕ್ಕೆ ತೂಗುತ್ತದೆ. ಸುತ್ತು ಎಷ್ಟು ಎಂದು ಪ್ರತಿ ಕೊಂಬೆಗೂ ಮೊದಲೇ ನಿರ್ಧಾರವಾಗಬೇಕು. ಭಾರ ಬಿದ್ದ ಮೇಲೆ ಸುತ್ತು ಸೇರಿಸಲು ಆಗುವುದಿಲ್ಲ.

ಉಳಿಸಬೇಕಾದ ಮರದ ಬುಡಕ್ಕೆ ಹಗ್ಗ ಸುತ್ತಿ ಓಡಿಸಿದರೆ ತೊಗಟೆ ಸುಲಿದು ಸುಟ್ಟುಹೋಗುತ್ತದೆ, ಆ ಗಾಯದಿಂದ ವರ್ಷಗಟ್ಟಲೆ ಕೊಳೆ ಹತ್ತುತ್ತದೆ. ಮರದ ಆರೋಗ್ಯಕ್ಕೆಂದು ಸವರಲು ಬಂದು ಬುಡ ಹಾಳು ಮಾಡುವುದು ನಮ್ಮ ಊರುಗಳಲ್ಲಿ ದಿನಾ ನಡೆಯುವ ಅನ್ಯಾಯ. ಬುಡಕ್ಕೆ ಪಟ್ಟಿಯಿಂದ ಕಟ್ಟುವ ಉಕ್ಕಿನ ಕೊಳವೆಯಂಥ ಬ್ರೇಕ್ ಸಿಗುತ್ತದೆ, ಹಗ್ಗವನ್ನು ಅದಕ್ಕೆ ಸುತ್ತಬೇಕು. ಮೇಸ್ತ್ರಿಯ ಬಳಿ ಇಲ್ಲದಿದ್ದರೆ ಕೊಳ್ಳಲು ಒತ್ತಾಯಿಸಿ.

ನಿಲ್ಲುವ ಜಾಗ: ಕೊಂಬೆ ಇಳಿಯುವ ನೇರಕ್ಕೆ ಬೇಡ, ಬುಡದ ಇನ್ನೊಂದು ಬದಿಗೆ, ಎರಡು ಹೆಜ್ಜೆ ಹಿಂದೆ, ಓಡಲು ದಾರಿ ಬಿಟ್ಟುಕೊಂಡು. ಮಿಕ್ಕ ಹಗ್ಗ ಕಾಲಿಗೆ ತೊಡರದಂತೆ ಪಕ್ಕದಲ್ಲಿ ಸಡಿಲ ಗುಡ್ಡೆಯಾಗಿ ಬಿದ್ದಿರಲಿ. ಹಗ್ಗವನ್ನು ಅಂಗೈಗೋ ಸೊಂಟಕ್ಕೋ ಸುತ್ತಿಕೊಳ್ಳಲೇಬೇಡಿ. ಸಡಿಲ ಹಗ್ಗದ ಕುಣಿಕೆಯೊಳಗೆ ಕಾಲಿಟ್ಟವನನ್ನು ದಿಮ್ಮಿ ಬುಡಕ್ಕೆ ಎಳೆದು ಬಡಿಯುತ್ತದೆ.

ಕೊಂಬೆ ಕಳಚಿದ ಗಳಿಗೆಯಲ್ಲಿ ಗಟ್ಟಿ ಹಿಡಿದು ನಿಲ್ಲಿಸಬೇಕೆಂದು ಕೈ ತಾನಾಗಿ ಬಿಗಿಯಾಗುತ್ತದೆ. ಅದು ತಪ್ಪು. ಬೀಳುತ್ತಿರುವ ಭಾರವನ್ನು ಗಕ್ಕನೆ ತಡೆದರೆ ಹಗ್ಗಕ್ಕೂ ರಾಟೆಗೂ ಕೊಂಬೆಯ ತೂಕದ ಹಲವು ಪಟ್ಟು ಜಗ್ಗು ಬೀಳುತ್ತದೆ. ರಾಟೆ ಕಟ್ಟಿದ ಕವಲಿಗಂತೂ ಎರಡೂ ಕಡೆಯ ಹಗ್ಗದ ಎಳೆತ ಸೇರಿ ಇಮ್ಮಡಿ. ಅದೇ ಮರಕ್ಕೆ ಹತ್ತಿದವನೂ ತನ್ನನ್ನು ಕಟ್ಟಿಕೊಂಡಿದ್ದಾನೆ. ಹಾಗಾಗಿ ಮೊದಲ ಒಂದೆರಡು ಮೀಟರ್ ಹಗ್ಗ ಓಡಲು ಬಿಡಿ, ಆಮೇಲೆ ಹಿಡಿತ ಬಿಗಿ ಮಾಡುತ್ತಾ ನಿಧಾನ ಮಾಡಿ, ನೆಲ ಮುಟ್ಟುವ ಮುಂಚೆ ನಿಲ್ಲಿಸಿ. ಕೆಳಗೆ ಹೆಂಚು ಅಥವಾ ಶೀಟಿನ ಮನೆ ಇದ್ದು ಓಡಿಸಲು ಜಾಗವೇ ಇಲ್ಲದಿದ್ದರೆ, "ಚಿಕ್ಕ ತುಂಡು ಮಾಡಿ ಅಣ್ಣ" ಎಂದು ಮೇಲಿನವನಿಗೆ ಹೇಳಿ. ಈ ಹಿಡಿತವನ್ನು ಕಲಿಯಲು 10–15 ಕಿಲೋ ಕೊಂಬೆಗಳಿಂದ ಶುರು ಮಾಡಿ. 50 ಕಿಲೋ ಮೇಲಿನದನ್ನು ಮೊದಲ ಎರಡು ಮೂರು ತಿಂಗಳು ಹಳಬರೊಬ್ಬರು ಪಕ್ಕದಲ್ಲಿದ್ದಾಗ ಮಾತ್ರ ಇಳಿಸಿ.

ಗಂಟುಗಳಲ್ಲಿ ಮೂರು ಮನೆಯಲ್ಲೇ ಕಣ್ಣು ಮುಚ್ಚಿ ಹಾಕುವಷ್ಟು ರೂಢಿಯಾಗಲಿ: ಜಾರದ ಕುಣಿಕೆಯಾದ ಬೌಲೈನ್, ಅದರಲ್ಲೇ ಹಗ್ಗ ಹಾಯಿಸಿ ಬಿಗಿಯಾಗುವ ಓಡುಕುಣಿಕೆ, ಕಂಬಕ್ಕೆ ಹಾಕುವ ಕ್ಲೋವ್ ಹಿಚ್ ಮತ್ತು ಅದರ ಮೇಲೆ ಎರಡು ಅರ್ಧ ಗಂಟು. ಮೇಲಕ್ಕೆ ಗರಗಸ ಕಳಿಸುವುದು, ಕೊಂಬೆ ಬಿಚ್ಚಿ ತುದಿಯನ್ನು ವಾಪಸ್ ಕಳಿಸುವುದು ಇವುಗಳಲ್ಲೇ ಆಗುತ್ತದೆ.

ಇಳಿದ ಕೊಂಬೆ

ಕೊಂಬೆಯನ್ನು ಕಡಿದ ಬುಡದ ಕಡೆಯಿಂದ ಹಿಡಿದು ಎಳೆಯಿರಿ, ರೆಂಬೆಗಳು ತಾವಾಗಿ ಮಡಚಿಕೊಂಡು ಬರುತ್ತವೆ. ತುದಿಯಿಂದ ಎಳೆದರೆ ಪ್ರತಿ ಕವಲೂ ನೆಲಕ್ಕೆ ಕಚ್ಚುತ್ತದೆ. ಗುಡ್ಡೆ ಹಾಕುವಾಗ ಎಲ್ಲ ಬುಡಗಳೂ ಗಾಡಿಯ ಕಡೆಗಿರಲಿ, ಅಡ್ಡಾದಿಡ್ಡಿ ಎಸೆದ ಗುಡ್ಡೆಯನ್ನು ಬಿಡಿಸುವುದು ಎರಡನೇ ಸಲದ ಕೆಲಸ. ಕವಲುಗಳನ್ನು ಮಚ್ಚಿನಿಂದ ಸೀಳಿ ಚಪ್ಪಟೆ ಮಾಡಿದರೆ ಒಂದೇ ಟೆಂಪೋದಲ್ಲಿ ಬಹಳ ಹಿಡಿಸುತ್ತದೆ. ಹಗ್ಗವನ್ನು ಸೊಪ್ಪಿನ ಗುಡ್ಡೆಯ ಕೆಳಗೆ ಬಿಡಬೇಡಿ. ತಂಡದಲ್ಲಿ ಚಿಪ್ಪರ್ (ಕೊಂಬೆಯನ್ನು ಚೂರು ಮಾಡುವ ಯಂತ್ರ) ಇದ್ದರಂತೂ ಸೊಪ್ಪಿನೊಡನೆ ಸೇರಿದ ಹಗ್ಗದ ತುದಿ ಕ್ಷಣಾರ್ಧದಲ್ಲಿ ಮನುಷ್ಯನನ್ನು ಎಳೆದೊಯ್ಯುತ್ತದೆ. ಅದರ ಬಾಯಿಗೆ ಎದುರು ನಿಲ್ಲದೆ ಪಕ್ಕದಲ್ಲಿ ನಿಂತು ಬುಡ ಮೊದಲಾಗಿ ಕೊಟ್ಟು ಕೈ ಬಿಟ್ಟುಬಿಡಿ, ಕಾಲಿನಿಂದ ಒದೆಯಬೇಡಿ.

ದಿಮ್ಮಿ ತುಂಡು ಮಾಡುವಾಗ ಅದು ಎಲ್ಲಿ ಒತ್ತಿಕೊಂಡಿದೆ, ಎಲ್ಲಿ ಹಿಗ್ಗಿದೆ ಎಂದು ನೋಡಿ. ಎರಡೂ ತುದಿ ನೆಲದ ಮೇಲೆ, ನಡು ಗಾಳಿಯಲ್ಲಿ ಇದ್ದರೆ ಮೇಲ್ಭಾಗ ಒತ್ತಿಕೊಂಡಿರುತ್ತದೆ: ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಮಿಕ್ಕದ್ದನ್ನು ಕೆಳಗಿನಿಂದ ಮುಗಿಸಿ. ಒಂದೇ ತುದಿಗೆ ಆಧಾರವಿದ್ದು ಇನ್ನೊಂದು ಚಾಚಿಕೊಂಡಿದ್ದರೆ ಇದರ ತಿರುವು ಮುರುವು: ಮೊದಲು ಕೆಳಗಿನಿಂದ ಮೂರನೇ ಒಂದು, ಆಮೇಲೆ ಮೇಲಿನಿಂದ. ತಪ್ಪಿದರೆ ಚೈನ್ ಸಾದ ಸರಪಳಿ ಓಡುವ ಉದ್ದ ಪಟ್ಟಿ (ಬಾರ್) ಸಿಕ್ಕಿಬೀಳುತ್ತದೆ ಇಲ್ಲವೇ ದಿಮ್ಮಿ ಸೀಳಿ ಚಿಮ್ಮುತ್ತದೆ.

ಚೈನ್ ಸಾ

ಮೊದಲ ತಿಂಗಳು ಇದನ್ನು ತೊಳೆಯಿರಿ, ಎಣ್ಣೆ ಹಾಕಿ, ಸಾಣೆ ಹಿಡಿಯಿರಿ, ಕೊಯ್ಯಬೇಡಿ. ಪೆಟ್ರೋಲಿಗೆ ಎಣ್ಣೆಯ ಪಾಲು ಮಷಿನ್ ಜೊತೆ ಬಂದ ಪುಸ್ತಕದಂತೆ. ಹೆಚ್ಚಿನ ಒಳ್ಳೆಯ ಟೂ-ಸ್ಟ್ರೋಕ್ ಎಣ್ಣೆಗಳಿಗೆ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿಲೀಟರ್. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಒಂದೆರಡು ವಾರಕ್ಕೆ ಬೇಕಾದಷ್ಟೇ ಕಲಸಿ. ಪೆಟ್ರೋಲ್ ತುಂಬಿಸಿದಾಗಲೆಲ್ಲ ಚೈನ್ ಎಣ್ಣೆಯನ್ನೂ ತುಂಬಿಸಿ.

ಚೂರುಗಳ ಬದಲು ನಯವಾದ ಪುಡಿ ಬರುತ್ತಿದ್ದರೆ ಹಲ್ಲು ಮೊಂಡಾಗಿದೆ. ಕೊಯ್ತ ಒಂದು ಕಡೆಗೆ ವಾಲುತ್ತಿದ್ದರೆ ಆ ಬದಿಯ ಹಲ್ಲು ಉದ್ದ ಉಳಿದಿವೆ. ಚಿಕ್ಕ ಮಷಿನ್‌ಗಳ 3/8 ಪಿಕೊ ಎಂಬ ಅಳತೆಯ ಸರಪಳಿಗೆ 4 ಮಿಲಿಮೀಟರ್ ದುಂಡು ಅರ, 30 ಡಿಗ್ರಿ ಕೋನ, ಪ್ರತಿ ಹಲ್ಲಿಗೂ ಅಷ್ಟೇ ಸಲ ಉಜ್ಜು, ಒಳಗಿನಿಂದ ಹೊರಗೆ ಮಾತ್ರ. ಬಿಸಿಯಿದ್ದಾಗ ಬಿಗಿ ಮಾಡಿದ ಸರಪಳಿಯನ್ನು ಕೆಲಸ ಮುಗಿದ ಮೇಲೆ ಸಡಿಲಿಸಿ, ಆರಿದಾಗ ಕುಗ್ಗಿ ಮಷಿನ್‌ನ ಬೇರಿಂಗ್ ಹಾಳು ಮಾಡುತ್ತದೆ.

ಶುರು ಮಾಡುವುದು ನೆಲದ ಮೇಲೆ: ಚೈನ್ ಬ್ರೇಕ್ ಮುಂದಕ್ಕೆ ತಳ್ಳಿ, ಬಲ ಬೂಟಿನ ತುದಿ ಹಿಂದಿನ ಹಿಡಿಕೆಯೊಳಗೆ ಒತ್ತಿ, ಎಡಗೈ ಮುಂದಿನ ಹಿಡಿಕೆಯ ಮೇಲೆ, ಬಲಗೈಯಲ್ಲಿ ದಾರ ಎಳೆಯುವುದು. ಗಾಳಿಯಲ್ಲಿ ಬೀಸಿ ಶುರು ಮಾಡುವ ಅಭ್ಯಾಸ ಹಳಬರಲ್ಲಿ ಕಂಡರೂ ನೀವು ಕಲಿಯಬೇಡಿ. ಪಟ್ಟಿಯ ಮೂತಿಯ ಮೇಲಿನ ಕಾಲುಭಾಗ ಯಾವುದಕ್ಕೂ ತಾಗಬಾರದು, ತಾಗಿದರೆ ಮಷಿನ್ ಮುಖದ ಕಡೆಗೆ ಎಗರುತ್ತದೆ. ಸೊಪ್ಪಿನ ಗುಡ್ಡೆಯೊಳಗೆ ಕುರುಡಾಗಿ ಮೂತಿ ತೂರಿಸಿದಾಗ ಆಗುವುದು ಇದೇ.

ಅಪಘಾತವಾದರೆ

ಹೊರಡುವ ಮುಂಚೆ ಕೆಲಸದ ಜಾಗದ ವಿಳಾಸವನ್ನೂ ಹತ್ತಿರದ ಗುರುತನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಗಾಬರಿಯಲ್ಲಿ ಯಾರಿಗೂ ಕ್ರಾಸ್ ನಂಬರ್ ನೆನಪಿಗೆ ಬರುವುದಿಲ್ಲ. ಆಂಬುಲೆನ್ಸ್ 108, ಎಲ್ಲಕ್ಕೂ 112. ರಕ್ತ ಸುರಿದರೆ ಶುದ್ಧ ಬಟ್ಟೆ ಮಡಚಿ ಗಾಯದ ಮೇಲೇ ಬಲವಾಗಿ ಒತ್ತಿ, ತೆಗೆದು ನೋಡಬೇಡಿ, ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ಕೈಕಾಲಿನ ಗಾಯ ಒತ್ತಿದರೂ ನಿಲ್ಲದಿದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲು ಬಿಟ್ಟು, ಅಗಲ ಪಟ್ಟಿಯಿಂದ ಬಿಗಿದು ಕಟ್ಟಿ, ಕಟ್ಟಿದ ಹೊತ್ತನ್ನು ಬರೆದಿಡಿ.

ಮೇಲಿನವನು ಎಚ್ಚರ ತಪ್ಪಿ ಬೆಲ್ಟಿನಲ್ಲಿ ನೇತಾಡುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಅಪಾಯ. ಅದಕ್ಕೇ ಎರಡನೇ ಬೆಲ್ಟು, ಎರಡನೇ ಹತ್ತುವ ಹಗ್ಗ, ಹತ್ತಬಲ್ಲ ಇನ್ನೊಬ್ಬ ಮರದ ಕೆಳಗೇ ಇರಬೇಕು, ಗೋಡೌನಿನಲ್ಲಲ್ಲ. ತರಬೇತಿಯಿಲ್ಲದ ನೀವು ಹತ್ತಲು ಹೋಗಬೇಡಿ. ಅವನ ಇಳಿಯುವ ಹಗ್ಗದ ವ್ಯವಸ್ಥೆ ಕೆಳಗಿನಿಂದ ಬಿಡಿಸಿ ಇಳಿಸುವಂಥದ್ದೇ ಎಂದು ಬೆಳಿಗ್ಗೆಯೇ ಕೇಳಿ ತಿಳಿದಿರಿ.

ಸಂಜೆ

ಕಸ ಗುಡಿಸಿದ ಮೇಲೆ ಹಗ್ಗಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳುಗಳ ನಡುವೆ ಹಾಯಿಸಿ. ಗಟ್ಟಿಯಾದ ಜಾಗ, ತೆಳ್ಳಗಾದ ಜಾಗ, ಕರಗಿ ಹೊಳೆಯುವ ಜಾಗ, ಗರಗಸ ತಾಗಿ ಎದ್ದ ನೂಲು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತವೆ. ಕೆಟ್ಟ ಹಗ್ಗ ಸಿಕ್ಕರೆ ಅಲ್ಲೇ ಮೇಸ್ತ್ರಿಗೆ ತೋರಿಸಿ, ಅವರೆದುರೇ ಚಿಕ್ಕ ತುಂಡುಗಳಾಗಿ ಕತ್ತರಿಸಿ. ಇಡೀ ಹಗ್ಗವಾಗಿ ಮೂಲೆಗೆ ಎಸೆದರೆ ಮರುದಿನ ಬೆಳಿಗ್ಗೆ ಯಾರೋ ಅದನ್ನು ಮತ್ತೆ ಗಾಡಿಗೆ ಹಾಕುತ್ತಾರೆ. ಒದ್ದೆ ಹಗ್ಗವನ್ನು ನೆರಳಿನಲ್ಲಿ ಒಣಗಿಸಿ, ಪೆಟ್ರೋಲ್ ಕ್ಯಾನಿನಿಂದ ದೂರ, ಸುತ್ತು ಬಿಗಿಯದೆ ಚೀಲಕ್ಕೆ ತುಂಬಿಡಿ.